ಚಿಮ್ಮುವ ನೀರು ಎದುರಿಗೆ, ಸರೋವರ ಪಕ್ಕಕ್ಕೆ: ನೀವು ಎಲ್ಲಿ ಕೂರಬೇಕು?

ಪ್ರಶ್ನೆ: ಡಾಕ್ಟ್ರೇ, ನಾವು ಟೊರಾಂಟೊಗೆ ಬಂದು ಒಂದು ವರ್ಷವಾಯಿತು. ಮಗಳಿಗೆ 4 ವರ್ಷ, ಮಗನಿಗೆ 14 ತಿಂಗಳು. ಊರಿಂದ ಅತ್ತೆ-ಮಾವ ಬಂದಿದ್ದಾರೆ. ಸರೋವರದ ದಡದಲ್ಲಿರುವ ಶುಗರ್ ಬೀಚ್‌ನ ಸ್ಪ್ಲಾಶ್ ಪ್ಯಾಡ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ತುಂಬಾ ಖುಷಿಪಡುತ್ತಾರೆ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಅತ್ತೆಗೆ ಭಯ. ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾ ಬಂತಲ್ಲ, ಅದು ಇಲ್ಲೂ ಇರಬಹುದು ಅಂತಾರೆ. ತಣ್ಣೀರಲ್ಲಿ ಆಡಿದರೆ ನೆಗಡಿ ಬರುತ್ತದೆ ಅಂತಲೂ ಅಂತಾರೆ. ಚಿಕ್ಕವನು ಇನ್ನೂ ಡೈಪರ್‌ನಲ್ಲಿದ್ದಾನೆ, ಅವನನ್ನು ನೀರಿಗೆ ಬಿಡಬಹುದಾ? ಯಜಮಾನರಿಗೆ ವಾರದ ದಿನ ರಜೆ ಇಲ್ಲ, ಹಾಗಾಗಿ ನಾನು ಮತ್ತು ಅತ್ತೆ-ಮಾವ ಮಾತ್ರ ಹೋಗೋಣ ಅಂದುಕೊಂಡಿದ್ದೇವೆ. ಅತ್ತೆ ಸೀರೆ ಬಿಟ್ಟು ಬೇರೆ ಉಡುವುದಿಲ್ಲ, ಅಲ್ಲಿ ಪರವಾಗಿಲ್ಲವಾ?

ಉತ್ತರ: ನಿಮ್ಮ ಪತ್ರದಲ್ಲಿ ಅಮೀಬಾ ಇದೆ, ನೆಗಡಿ ಇದೆ, ಡೈಪರ್ ಇದೆ, ಸೀರೆ ಕೂಡ ಇದೆ. ಒಂದೇ ಒಂದು ಇಲ್ಲ. ಸರೋವರ.

ಕರೆದುಕೊಂಡು ಹೋಗಿ, ಧಾರಾಳವಾಗಿ ಹೋಗಿ. ಟೊರಾಂಟೊದ ಬೇಸಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಕಾಸು ಖರ್ಚಿಲ್ಲದೆ ಮಕ್ಕಳು ಎರಡು ಗಂಟೆ ಕುಣಿದು ಬಂದು, ಊಟ ಮಾಡಿ, ಮಧ್ಯಾಹ್ನ ಗಾಢವಾಗಿ ಮಲಗುವ ಜಾಗ ಇನ್ನೊಂದಿಲ್ಲ. ಆದರೆ ನೀವು ಕೇಳಿದ್ದಕ್ಕಿಂತ ಮೊದಲು ಕೇಳದೇ ಇದ್ದದ್ದನ್ನು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸ್ಪ್ಲಾಶ್ ಪ್ಯಾಡ್ ಅಂದರೆ ನೀರು ನಿಲ್ಲದ ಜಾಗ. ನೆಲದಿಂದ ಚಿಮ್ಮುತ್ತದೆ, ಬೀಳುತ್ತದೆ, ಚರಂಡಿಗೆ ಹರಿದುಹೋಗುತ್ತದೆ. ಮುಳುಗುವಷ್ಟು ನೀರು ಅಲ್ಲಿ ಇರುವುದೇ ಇಲ್ಲ. ಅದಕ್ಕೇ ಅಪ್ಪ-ಅಮ್ಮ ಬೆಂಚಿನ ಮೇಲೆ ಕೂತು, ಬೆನ್ನು ಒರಗಿಸಿ, ಫೋನ್ ತೆಗೆಯುತ್ತಾರೆ. ಅಪಾರ್ಟ್‌ಮೆಂಟ್ ಪಕ್ಕದ ಪಾರ್ಕಿನಲ್ಲಾದರೆ ಅಷ್ಟು ದೊಡ್ಡ ತಪ್ಪಲ್ಲ. ಸರೋವರದ ದಡದಲ್ಲಿ ಅದೇ ಬೆಂಚು, ಅದೇ ಫೋನು ಬೇರೆ ಮಾತಾಗುತ್ತದೆ. ನೀರಲ್ಲಿ ಆಡುವುದಕ್ಕೆ ಈಗಷ್ಟೇ ಧೈರ್ಯ ಬಂದ ಮಗುವಿಗೆ ಇದು ಆಟದ ನೀರು, ಅದು ಆಳದ ನೀರು ಅನ್ನುವ ವ್ಯತ್ಯಾಸ ಗೊತ್ತಿರುವುದಿಲ್ಲ. ಎರಡೂ ನೀರೇ, ಎರಡೂ ಹೊಳೆಯುತ್ತವೆ.

ನಮ್ಮ ಬಾಯಲ್ಲಿ ಕೆರೆ ಅಂತಲೇ ಬರುತ್ತದೆ. ನಾನೂ ಮನೆಯಲ್ಲಿ ‘ಕೆರೆ ಹತ್ರ ಹೋಗೋಣ’ ಅಂತಲೇ ಹೇಳುವುದು. ಆದರೆ ಒಂಟೇರಿಯೊ ಸರೋವರ ಸುಮಾರು 19,000 ಚದರ ಕಿಲೋಮೀಟರ್ ಇದೆ. ನಮ್ಮ ರಾಜ್ಯದ ಅತಿ ದೊಡ್ಡ ಜಿಲ್ಲೆ ಬೆಳಗಾವಿಯನ್ನು ಇದರಲ್ಲಿ ಇಟ್ಟರೂ ಇನ್ನೂ ಜಾಗ ಮಿಗುತ್ತದೆ. ಅತಿ ಆಳದ ಕಡೆ 244 ಮೀಟರ್. ಕೆರೆಯಂತೆ ಏರಿ, ತೂಬು, ಮೆಟ್ಟಿಲು, ನಿಧಾನಕ್ಕೆ ಇಳಿಯುವ ಮಣ್ಣಿನ ದಡ ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ನೀವು ಹೇಳಿದ ಶುಗರ್ ಬೀಚ್ ನೋಡಿ. 2010ರಲ್ಲಿ ತೆರೆದರು. ಅದಕ್ಕೆ ಮೊದಲು ಅಲ್ಲಿದ್ದದ್ದು ಕಾರ್ ನಿಲ್ಲಿಸುವ ಬಯಲು. ಪಾರ್ಕುಗಳನ್ನು ವಿನ್ಯಾಸ ಮಾಡುವ ಭೂದೃಶ್ಯ ವಾಸ್ತುಶಿಲ್ಪಿ ಕ್ಲಾಡ್ ಕಾರ್ಮಿಯೆ ಅವರ ತಂಡ ಅದನ್ನು ಮರಳು, ಗುಲಾಬಿ ಬಣ್ಣದ ಕೊಡೆಗಳು, ಮಿಠಾಯಿಯಂತೆ ಕೆಂಪು-ಬಿಳಿ ಪಟ್ಟೆ ಬಳಿದ ಬಂಡೆಗಳ ಜಾಗ ಮಾಡಿತು. ಸ್ಪ್ಲಾಶ್ ಪ್ಯಾಡ್ ಇರುವುದು ಗ್ರಾನೈಟ್‌ನಲ್ಲಿ ಹಾಸಿದ ಮೇಪಲ್ ಎಲೆಯ ಆಕಾರದಲ್ಲಿ. ಹೆಸರು ಬಂದದ್ದು ಪಕ್ಕದ ರೆಡ್‌ಪಾತ್ ಸಕ್ಕರೆ ಕಾರ್ಖಾನೆಯಿಂದ. ಕಚ್ಚಾ ಸಕ್ಕರೆ ಹೊತ್ತ ದೊಡ್ಡ ಹಡಗುಗಳು ಅಲ್ಲೇ ಬಂದು ನಿಲ್ಲುತ್ತವೆ, ಮಕ್ಕಳಿಗೆ ಅದನ್ನು ನೋಡುವುದೂ ಒಂದು ಹಬ್ಬ. ಈಗ ಯೋಚನೆ ಮಾಡಿ. ಅಷ್ಟು ದೊಡ್ಡ ಹಡಗು ಬಂದು ನಿಲ್ಲಬೇಕಾದರೆ ನೀರು ಎಷ್ಟು ಆಳ ಇರಬೇಕು? ಹೆಸರು ಬೀಚ್ ಅಂತ ಇದ್ದರೂ ಅಲ್ಲಿ ಈಜಲು ಇಳಿಯುವಂತಿಲ್ಲ. ಅದು ಮರಳಲ್ಲಿ ಕೂರುವ ಬೀಚು, ನೀರಿಗಿಳಿಯುವ ಬೀಚಲ್ಲ.

ನನ್ನದೇ ಒಂದು ಕತೆ ಹೇಳಿಬಿಡುತ್ತೇನೆ, ನಾಚಿಕೆ ಬಿಟ್ಟು. ಮಗನಿಗೆ ಆಗ 3 ವರ್ಷ. ಇಂಥದ್ದೇ ಇನ್ನೊಂದು ಸರೋವರದ ದಡ, ಇಂಥದ್ದೇ ಚಿಮ್ಮುವ ನೀರು. ಹಸಿವು ಅಂದ. ನಾನು ಚಿತ್ರಾನ್ನದ ಡಬ್ಬಿ ತೆಗೆದೆ. ಮುಚ್ಚಳ ಬಿಗಿಯಾಗಿತ್ತು. ಮೊಣಕಾಲ ಮಧ್ಯೆ ಡಬ್ಬಿ ಇಟ್ಟುಕೊಂಡು, ಸೆರಗಿನಂತೆ ಟವೆಲ್ ತುದಿ ಹಿಡಿದು ತಿರುಗಿಸಿದೆ. ಟಪ್ ಅಂತ ಬಿಚ್ಚಿತು, ನಾಲ್ಕು ಕಡಲೆಕಾಯಿ ಬೀಜ ನೆಲಕ್ಕೆ ಬಿದ್ದವು. ಒಂದು ಕಡಲಹಕ್ಕಿ ಬಂದು ಒಂದು ಬೀಜ ಎತ್ತಿಕೊಂಡು ಹೋಯಿತು. ನಾನು ‘ಅಯ್ಯೋ’ ಅಂತ ನಕ್ಕು ತಲೆ ಎತ್ತಿದರೆ ಮಗ ಇಲ್ಲ. ಹಕ್ಕಿ ಹಿಂದೆ ಓಡುತ್ತಿದ್ದಾನೆ, ಹಡಗುಕಟ್ಟೆಯ ಅಂಚಿಗೆ. ವಾಕರ್ ಹಿಡಿದು ನಡೆಯುತ್ತಿದ್ದ ಯಾರೋ ಅಜ್ಜಿ ಆ ವಾಕರನ್ನೇ ಅಡ್ಡ ಇಟ್ಟರು. ಅವನು ಅದಕ್ಕೆ ಡಿಕ್ಕಿ ಹೊಡೆದು ಅಳತೊಡಗಿದ. ಇಷ್ಟೇ. ಮಕ್ಕಳ ಡಾಕ್ಟರು ನಾನು. ಬೇರೆಯವರಿಗೆ ದಿನಾ ಬುದ್ಧಿ ಹೇಳುವವಳು. ಒಂದು ಮುಚ್ಚಳ ತೆಗೆಯುವಷ್ಟು ಹೊತ್ತು ಸಾಕಾಯಿತು.

ಅವತ್ತಿನಿಂದ ನನ್ನ ಒಂದೇ ನಿಯಮ: ದೊಡ್ಡವರು ಕೂರುವ ಜಾಗ ಮಗುವಿಗೂ ಸರೋವರಕ್ಕೂ ಮಧ್ಯೆ. ನೆರಳು ಎಲ್ಲಿದೆ, ಬ್ಯಾಗ್ ಎಲ್ಲಿಡಬೇಕು, ಬೆಂಚು ಎಲ್ಲಿದೆ ಅನ್ನುವುದೆಲ್ಲ ಆಮೇಲೆ. ಹೋದ ತಕ್ಷಣ ನೀರಿನ ಅಂಚು ಯಾವ ಕಡೆ ಅಂತ ನೋಡಿ. ಆ ಕಡೆಗೆ ಬೆನ್ನು ಹಾಕಿ, ಪ್ಯಾಡ್ ಕಡೆ ಮುಖ ಮಾಡಿ ನಿಂತುಕೊಳ್ಳಿ. ಮಗು ಎಲ್ಲಿಗೆ ಓಡಿದರೂ ನಿಮ್ಮನ್ನು ದಾಟಿಯೇ ಓಡಬೇಕು. ಹೆಚ್ಚಿನವರು ಇದಕ್ಕೆ ತದ್ವಿರುದ್ಧ ಮಾಡುತ್ತಾರೆ. ಸರೋವರ ನೋಡಲು ಚೆನ್ನಾಗಿದೆ ಅಂತ ಅದರ ಕಡೆ ಮುಖ ಹಾಕಿ, ಮಕ್ಕಳ ಹಿಂದೆ ಕೂರುತ್ತಾರೆ. ಅಲ್ಲಿಂದ ಎದ್ದು ಓಡಿದರೆ ಮಗುವನ್ನು ಹಿಡಿಯುವುದು ಕಷ್ಟ. 4 ವರ್ಷದ ಹುಡುಗಿ ಬರಿಗಾಲಲ್ಲಿ ಓಡುವ ವೇಗ ನಿಮಗೇ ಗೊತ್ತು.

ಇನ್ನೊಂದು. ಮುಳುಗುವ ಮಗು ಕೂಗುವುದಿಲ್ಲ. ಸಿನಿಮಾದಲ್ಲಿ ಕೈ ಬಡಿದು, ‘ಕಾಪಾಡಿ’ ಅಂತ ಕಿರುಚುತ್ತಾರಲ್ಲ, ಹಾಗೆ ಆಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಉಸಿರು ಎಳೆದುಕೊಳ್ಳುವುದೇ ದೊಡ್ಡ ಕೆಲಸ, ಕೂಗಲು ಉಸಿರೆಲ್ಲಿ ಉಳಿಯುತ್ತದೆ? ಸದ್ದಿಲ್ಲದೆ, ಒಂದು ನಿಮಿಷದೊಳಗೆ ಆಗಿಹೋಗುತ್ತದೆ. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ನೀರಲ್ಲಿ ಮುಳುಗುವುದೇ ಎಲ್ಲಕ್ಕಿಂತ ದೊಡ್ಡ ಕಾರಣ. ಇಷ್ಟು ಚಿಕ್ಕ ಮಕ್ಕಳು ನೀರಿನ ಬಳಿ ಇರುವಾಗ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಿ ಅಂತ ಇಲ್ಲಿ ಹೇಳುವುದು ಇದಕ್ಕೇ. ‘ಕಣ್ಣಿಗೆ ಕಾಣುವಷ್ಟು’ ದೂರ ಸಾಲದು.

ನಮ್ಮಂಥ ಕುಟುಂಬಗಳಲ್ಲಿ ಇದಕ್ಕೆ ಒಂದು ವಿಶೇಷ ತೊಂದರೆ ಇದೆ. ಜನ ಜಾಸ್ತಿ. ಅಜ್ಜಿ ನೋಡುತ್ತಿದ್ದಾರೆ ಅಂತ ಅಮ್ಮ, ಅಮ್ಮ ಇದ್ದಾಳಲ್ಲ ಅಂತ ಅಜ್ಜ, ಅಜ್ಜ ಅಲ್ಲೇ ನಿಂತಿದ್ದರಲ್ಲ ಅಂತ ಅಜ್ಜಿ. ನಾಲ್ಕು ಜನ ದೊಡ್ಡವರಿದ್ದೂ ಮಗುವನ್ನು ನೋಡುತ್ತಿರುವವರು ಯಾರೂ ಇಲ್ಲ. ನಮ್ಮ ಮನೆಯಲ್ಲಿ ಒಂದು ಹಳೆಯ ಆಫೀಸ್ ಐಡಿ ದಾರ ಇದೆ, ಕೆಂಪು ಬಣ್ಣದ್ದು. ಅದು ಯಾರ ಕೊರಳಲ್ಲಿದೆಯೋ ಅವರು ಮಕ್ಕಳನ್ನು ನೋಡಬೇಕು. ಮಾತಿಲ್ಲ, ಫೋನಿಲ್ಲ, ಡಬ್ಬಿ ಬಿಚ್ಚುವಂತಿಲ್ಲ. 15 ನಿಮಿಷಕ್ಕೊಮ್ಮೆ ಬಾಯಿ ಬಿಟ್ಟು ‘ಈಗ ನೀವು’ ಅಂತ ಹೇಳಿ ಕೊರಳಿಗೆ ಹಾಕಬೇಕು. ಮೊದಲ ಸಲ ಹಾಕಿದಾಗ ನನ್ನ ಮಾವನವರು ‘ಇದೇನಮ್ಮಾ, ನನಗೂ ಡ್ಯೂಟಿನಾ?’ ಅಂತ ನಕ್ಕರು. ಆಮೇಲೆ ಅವರಷ್ಟು ಶಿಸ್ತಾಗಿ ಯಾರೂ ಮಾಡಲಿಲ್ಲ.

ಅಕಸ್ಮಾತ್ ಮಗು ಕಾಣಿಸದೇ ಹೋದರೆ ಮೊದಲು ನೀರಿನ ಕಡೆ ಓಡಿ. ಟಾಯ್ಲೆಟ್, ಐಸ್‌ಕ್ರೀಮ್ ಗಾಡಿ, ಉಯ್ಯಾಲೆ ಎಲ್ಲ ಆಮೇಲೆ ಹುಡುಕಬಹುದು. ಅಲ್ಲೆಲ್ಲ ಇದ್ದರೆ ಐದು ನಿಮಿಷ ತಡವಾಗಿ ಸಿಕ್ಕರೂ ಮಗು ಸುರಕ್ಷಿತ. ಹೊಳೆಯುವ ಕಿತ್ತಳೆ ಅಥವಾ ಗಿಣಿಹಸಿರು ಬಟ್ಟೆ ಹಾಕಿ. ನೀಲಿ, ಬೂದು, ಬಿಳಿ ಬೇಡ, ನೀರಲ್ಲಿ ಅದು ಕಾಣುವುದಿಲ್ಲ. ಜನಸಂದಣಿಯಲ್ಲೂ ಹುಡುಕಲು ಸುಲಭ.

ಸರಿ, ಸರೋವರದ ಮಾತು ಇಷ್ಟು. ಈಗ ನಿಮ್ಮ ಅತ್ತೆಯವರ ಭಯಕ್ಕೆ ಬರೋಣ. ರೋಗದ ಬಗ್ಗೆ ಅವರಿಗೆ ಅನುಮಾನ ಬಂದದ್ದು ತಪ್ಪೇನಲ್ಲ. ಹೆಸರು ಮಾತ್ರ ಬೇರೆ.

ಒಂಟೇರಿಯೊ ಸರೋವರದ ಆಚೆ ದಡ ನ್ಯೂಯಾರ್ಕ್ ರಾಜ್ಯ. ಅಲ್ಲಿ ಸೆನೆಕಾ ಅಂತ ಇನ್ನೊಂದು ಸರೋವರ ಇದೆ. ಅದರ ದಡದ ಸರ್ಕಾರಿ ಪಾರ್ಕಿನಲ್ಲಿ ಮಕ್ಕಳ ಸ್ಪ್ಲಾಶ್ ಪ್ಯಾಡ್ ಇತ್ತು. 2005ರ ಬೇಸಿಗೆಯಲ್ಲಿ ಅಲ್ಲಿ ಆಡಿ ಬಂದವರಿಗೆ ಭೇದಿ ಶುರುವಾಯಿತು. ಒಬ್ಬಿಬ್ಬರಿಗಲ್ಲ, ಸಾವಿರಾರು ಜನಕ್ಕೆ. ಕಾರಣ ಸರೋವರದ ನೀರಲ್ಲ, ಪ್ಯಾಡ್‌ನ ನೀರು. ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಜೀವಿ ಅದರಲ್ಲಿ ಸೇರಿಕೊಂಡಿತ್ತು. ನಾವು ಡಾಕ್ಟರುಗಳು ಚುಟುಕಾಗಿ ‘ಕ್ರಿಪ್ಟೊ’ ಅಂತೀವಿ.

ಇದು ಹೇಗಾಗುತ್ತದೆ ಅಂತ ಗೊತ್ತಾದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಸ್ಪ್ಲಾಶ್ ಪ್ಯಾಡ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ನಲ್ಲಿ ನೀರು ಬರುತ್ತದೆ, ಚಿಮ್ಮುತ್ತದೆ, ನೇರವಾಗಿ ಚರಂಡಿಗೆ ಹೋಗುತ್ತದೆ. ಟೊರಾಂಟೊದ ನಲ್ಲಿ ನೀರು ಕೂಡ ಇದೇ ಸರೋವರದಿಂದ ಎತ್ತಿ ಶುದ್ಧ ಮಾಡಿದ್ದು. ಮನೆಯಲ್ಲಿ ಕುಡಿಯುವುದೂ ಅದೇ. ಇನ್ನೊಂದು ಜಾತಿಯಲ್ಲಿ ಬಿದ್ದ ನೀರು ನೆಲದ ಕೆಳಗಿನ ಟ್ಯಾಂಕಿಗೆ ಇಳಿಯುತ್ತದೆ. ಸೋಸಿ, ಕ್ಲೋರಿನ್ ಹಾಕಿ, ಪಂಪ್ ಅದನ್ನೇ ಮತ್ತೆ ಮೇಲಕ್ಕೆ ಚಿಮ್ಮಿಸುತ್ತದೆ. ನೀರು ಉಳಿತಾಯ, ಒಳ್ಳೆಯದೇ. ಆದರೆ ಸಣ್ಣ ಹನಿಯಾಗಿ ಬಿಸಿಲಿಗೆ ಹಾರುವ ನೀರಲ್ಲಿ ಕ್ಲೋರಿನ್ ಬೇಗ ಖಾಲಿಯಾಗುತ್ತದೆ. ಮೇಲಾಗಿ ಅಲ್ಲಿ ಆಡುವವರು ಯಾರು? ಡೈಪರ್ ಹಾಕಿದ ಮಕ್ಕಳು. ಚಿಮ್ಮುವ ತೂತಿನ ಮೇಲೆ ಕುಂಡಿ ಊರಿ ಕೂತು ಕಿಲಕಿಲ ನಗುವುದು ಅವರಿಗೆ ಬಲು ಇಷ್ಟ. ನೀರು ಡೈಪರ್ ತೊಳೆದುಕೊಂಡು ಟ್ಯಾಂಕಿಗೆ ಹೋಗುತ್ತದೆ. ಪಕ್ಕದ ತೂತಿನಲ್ಲಿ ಇನ್ನೊಂದು ಮಗು ಬಾಯಿ ತೆರೆದು ನಿಂತಿರುತ್ತದೆ.

ಕ್ರಿಪ್ಟೊ ಮಹಾ ಗಟ್ಟಿ ಪಿಂಡ. ಸರಿಯಾಗಿ ಕ್ಲೋರಿನ್ ಹಾಕಿದ ನೀರಲ್ಲೂ 7 ದಿನಕ್ಕಿಂತ ಜಾಸ್ತಿ ಬದುಕಿರುತ್ತದೆ. ಅದಕ್ಕೇ ಸೆನೆಕಾ ಪ್ರಕರಣದ ನಂತರ ನ್ಯೂಯಾರ್ಕ್ ರಾಜ್ಯ ಕಾನೂನು ಬಿಗಿ ಮಾಡಿತು. ನೀರು ತಿರುಗಿ ಬಳಸುವ ಸ್ಪ್ಲಾಶ್ ಪ್ಯಾಡ್‌ಗಳಲ್ಲಿ ಅಲ್ಟ್ರಾವಯೊಲೆಟ್ ದೀಪದ ಕೆಳಗೆ ನೀರನ್ನು ಹಾಯಿಸಲೇಬೇಕು ಅಂತ ಮಾಡಿತು. ಆ ಬೆಳಕಿಗೆ ಕ್ರಿಪ್ಟೊ ಬಗ್ಗುತ್ತದೆ. ಅಮೆರಿಕದಲ್ಲಿ 1997ರಿಂದ 2022ರವರೆಗೆ ಸ್ಪ್ಲಾಶ್ ಪ್ಯಾಡ್‌ಗಳಿಂದ ಕಾಯಿಲೆ ಹರಡಿದ 60 ಪ್ರಕರಣ ದಾಖಲಾಗಿವೆ, 10,000ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದಿದ್ದಾರೆ. ಹೆಚ್ಚಿನದಕ್ಕೆ ಈ ಕ್ರಿಪ್ಟೊನೇ ಕಾರಣ. 25 ವರ್ಷದ ಲೆಕ್ಕ ಇದು, ಅಲ್ಲಿ ಆಡಿದ ಮಕ್ಕಳ ಸಂಖ್ಯೆಗೆ ಹೋಲಿಸಿದರೆ ದೊಡ್ಡದಲ್ಲ. ಹೆದರುವುದು ಬೇಡ, ಬಾಯಿ ಮುಚ್ಚಿಸುವುದು ಸಾಕು.

ನಾಲ್ಕು ವರ್ಷದವಳಿಗೆ ಹೇಳಿದರೆ ಅರ್ಥವಾಗುತ್ತದೆ. ‘ಕುಡಿಬೇಡ’ ಅನ್ನುವುದಕ್ಕಿಂತ ‘ಇದು ಎಲ್ಲರೂ ಕಾಲು ತೊಳೆದ ನೀರು’ ಅಂತ ಹೇಳಿ. ಅಸಹ್ಯ ಅನ್ನುವುದು ಮಕ್ಕಳಿಗೆ ಚೆನ್ನಾಗಿ ನಾಟುತ್ತದೆ. 14 ತಿಂಗಳವನಿಗೆ ಹೇಳಿ ಪ್ರಯೋಜನವಿಲ್ಲ. ಅವನನ್ನು ಎತ್ತರದ ಚಿಲುಮೆಗಳ ಹತ್ತಿರ ಬಿಡಬೇಡಿ. ನೀರು ನೆಲದಲ್ಲಿ ತೆಳುವಾಗಿ ಹರಡುವ ಅಂಚಿನಲ್ಲಿ ಕೈ ಹಿಡಿದು ನಿಲ್ಲಿಸಿ, ಪುಟ್ಟ ಕಾಲಲ್ಲಿ ಚಪಚಪ ಅನಿಸಲಿ. ಅವನಿಗೆ ಅಷ್ಟೇ ದೊಡ್ಡ ಜಾತ್ರೆ. ಕುಡಿಯುವ ನೀರಿನ ಬಾಟಲಿ ಆಗಾಗ ಬಾಯಿಗೆ ಕೊಡಿ. ಬಾಯಾರಿದ ಮಗುವೇ ಚಿಲುಮೆಗೆ ಬಾಯಿ ಇಡುವುದು.

ಡೈಪರ್ ವಿಷಯ: ಮಾಮೂಲಿ ಡೈಪರ್ ನೀರು ಹೀರಿ ಕಲ್ಲುಗುಂಡಾಗುತ್ತದೆ, ಕೆಲಸಕ್ಕೆ ಬರುವುದಿಲ್ಲ. ಈಜುವ ಡೈಪರ್ ಅಂತಲೇ ಸಿಗುತ್ತದೆ, ಅದನ್ನು ಹಾಕಿ. ಆದರೆ ಅದರ ಮೇಲೆ ಜಾಸ್ತಿ ನಂಬಿಕೆ ಬೇಡ. ಅದು ಗಟ್ಟಿ ಕಕ್ಕವನ್ನು ಸ್ವಲ್ಪ ಹೊತ್ತು ತಡೆಯುತ್ತದೆ ಅಷ್ಟೇ, ಉಚ್ಚೆಯನ್ನೂ ತಡೆಯುವುದಿಲ್ಲ, ಕ್ರಿಮಿಯನ್ನೂ ತಡೆಯುವುದಿಲ್ಲ. ಗಂಟೆಗೊಮ್ಮೆ ನೋಡಿ, ಬದಲಾಯಿಸಬೇಕಾದರೆ ಪ್ಯಾಡ್‌ನಿಂದ ದೂರ ಹೋಗಿ. ಮತ್ತೆ ಒಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಮಗುವಿಗೆ ಭೇದಿ ಇದ್ದರೆ ಅವತ್ತು ಹೋಗಲೇಬೇಡಿ. ‘ಎರಡೇ ಸಲ ಆಯ್ತು, ಈಗ ಪರವಾಗಿಲ್ಲ’ ಅಂತ ಬಂದವರಿಂದಲೇ ಬೇರೆಯವರ ಮನೆಯಲ್ಲಿ ಒಂದು ವಾರ ಗೋಳು. ಕ್ರಿಪ್ಟೊ ಅಂತ ಗೊತ್ತಾದರೆ ಭೇದಿ ನಿಂತ ಮೇಲೂ 2 ವಾರ ನೀರಾಟ ಬಂದ್.

ನಮಗೆ ಸಂಬಂಧಿಸಿದ ಇನ್ನೊಂದು ವಿಷಯ ಇದೆ. ಕೈಯಲ್ಲಿ ಊಟ ಮಾಡುವವರು ನಾವು. ಮೊಸರನ್ನ ಕಲಸಿ, ತುತ್ತು ಮಾಡಿ, ಮಗುವಿನ ಬಾಯಿಗೆ ಇಡುತ್ತೇವೆ. ಪ್ಯಾಡ್‌ನಿಂದ ಬಂದ ಕೈಗೆ ಸುಮ್ನೆ ಸ್ಯಾನಿಟೈಸರ್ ಹಚ್ಚಿಕೊಂಡರೆ ಕ್ರಿಪ್ಟೊ ಸಾಯುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆಯಬೇಕು. ನಾನು ಒಂದು ಲೀಟರ್ ಬಾಟಲಿಯಲ್ಲಿ ನೀರು, ಚಿಕ್ಕ ಸೋಪಿನ ತುಂಡು ಒಯ್ಯುತ್ತೇನೆ. ಊರಲ್ಲಿ ಚೊಂಬು ಹಿಡಿದು ಕೈಗೆ ನೀರು ಹಾಕುತ್ತಿದ್ದರಲ್ಲ, ಹಾಗೆ ಒಬ್ಬರು ಹಾಕಬೇಕು, ಒಬ್ಬರು ತೊಳೆಯಬೇಕು. ಹುಲ್ಲಿನ ಮೇಲೆ ಕೂರುವ ಮುಂಚೆ ನೋಡಿ ಕೂರಿ. ಸರೋವರದ ದಡದ ಹುಲ್ಲುಹಾಸು ಅಂದರೆ ಕೆನಡಾ ಹೆಬ್ಬಾತುಗಳ ಅರಮನೆ, ಅವು ಹೋದ ಕಡೆಯೆಲ್ಲ ಹಸಿರು-ಬಿಳಿ ಗುರುತು ಬಿಟ್ಟಿರುತ್ತವೆ. ಚಿಕ್ಕವನು ಅದನ್ನು ಬಾಯಿಗೆ ಹಾಕಿಕೊಳ್ಳದೆ ಬಿಡುವುದಿಲ್ಲ.

ಹೋಗಿ ಬಂದ ಮೇಲೆ 2ರಿಂದ 10 ದಿನದೊಳಗೆ ನೀರಿನಂತೆ ಭೇದಿ, ಹೊಟ್ಟೆ ಹಿಂಡುವ ನೋವು ಬಂದರೆ ಡಾಕ್ಟರ ಹತ್ತಿರ ‘ಸ್ಪ್ಲಾಶ್ ಪ್ಯಾಡ್‌ಗೆ ಹೋಗಿದ್ವಿ’ ಅಂತ ಬಾಯಿ ಬಿಟ್ಟು ಹೇಳಿ. ಮಾಮೂಲಿ ಮಲ ಪರೀಕ್ಷೆಯಲ್ಲಿ ಕ್ರಿಪ್ಟೊ ತಪ್ಪಿಹೋಗಬಹುದು, ಅದನ್ನು ಬೇರೆಯಾಗಿ ಕೇಳಿ ನೋಡಬೇಕಾಗುತ್ತದೆ. ಅಷ್ಟರಲ್ಲಿ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಚಿಕ್ಕವನು 6 ಗಂಟೆ ಉಚ್ಚೆ ಮಾಡದಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ ಕಾಯಬೇಡಿ, ಹೊರಡಿ.

ಇನ್ನು ಆ ಅಮೀಬಾ. ನೆಗ್ಲೇರಿಯಾ ಫೌಲೆರಿ. ಬಂದರೆ ಬದುಕುವುದು ಬಹಳ ಕಷ್ಟ ಅನ್ನುವುದು ನಿಜ. ಕೇರಳದಲ್ಲಿ 2024, 2025ರಲ್ಲಿ ಅಮೀಬಾದಿಂದ ಬರುವ ಮೆದುಳಿನ ಸೋಂಕು ದೊಡ್ಡ ಸುದ್ದಿಯಾಯಿತು, ವಾಟ್ಸಾಪ್‌ನಲ್ಲಿ ಅದಕ್ಕಿಂತ ದೊಡ್ಡದಾಯಿತು. ಸ್ಪ್ಲಾಶ್ ಪ್ಯಾಡ್‌ನಿಂದ ಬಂದದ್ದೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಟೆಕ್ಸಾಸ್‌ನಲ್ಲಿ 2021ರಲ್ಲಿ, ಅರ್ಕನ್ಸಾದಲ್ಲಿ 2023ರಲ್ಲಿ ಒಂದೊಂದು ಮಗು ಹೀಗೆ ತೀರಿಕೊಂಡಿತು. ಎರಡೂ ಬಿಸಿಲ ರಾಜ್ಯಗಳು. ಈ ಅಮೀಬಾಗೆ ಬೆಚ್ಚಗಿನ ಸಿಹಿನೀರು ಬೇಕು. ಅದು ಒಳಗೆ ಹೋಗುವುದು ಮೂಗಿನ ಮೂಲಕ, ಕುಡಿದರೆ ಬರುವುದಿಲ್ಲ. ನಿಮ್ಮ ಮಕ್ಕಳು ಆಡುವುದು ಹಲ್ಲು ಕಟಕಟ ಅನ್ನಿಸುವ ತಣ್ಣೀರಲ್ಲಿ. ಚಿಲುಮೆಗೆ ಮುಖ ಒಡ್ಡಿ ಮೂಗಿಗೆ ನೀರು ರಭಸವಾಗಿ ಹೋಗದಂತೆ ನೋಡಿಕೊಳ್ಳಿ, ಸಾಕು. ಅತ್ತೆಯವರಿಗೆ ಹೀಗೆ ಹೇಳಿ: ಭಯಪಡಬೇಕಾದದ್ದು ಇದೆ, ಆದರೆ ಆ ಭಯವನ್ನು ಸರೋವರದ ಅಂಚಿಗೆ ಎತ್ತಿಡಿ, ಅಲ್ಲಿ ಅದು ಕೆಲಸಕ್ಕೆ ಬರುತ್ತದೆ.

ನೆಗಡಿ ವಿಚಾರದಲ್ಲಿ ಅತ್ತೆ-ಸೊಸೆ ಇಬ್ಬರಿಗೂ ಅರ್ಧರ್ಧ ಮಾರ್ಕ್ಸ್ ಕೊಡುತ್ತೇನೆ. ನೆಗಡಿ ಬರುವುದು ವೈರಸ್‌ನಿಂದ, ತಣ್ಣೀರಿನಿಂದಲ್ಲ. ಆದರೆ ಚಿಕ್ಕ ಮಗು ಬೇಗ ತಣ್ಣಗಾಗುತ್ತದೆ ಅನ್ನುವುದು ಅಜ್ಜಿಯರಿಗೆ ನಮಗಿಂತ ಮೊದಲೇ ಗೊತ್ತಿತ್ತು. ಮೈ ಚಿಕ್ಕದು, ಒದ್ದೆ ಬಟ್ಟೆ, ಮೇಲಿಂದ ಸರೋವರದ ಗಾಳಿ. ಊರೊಳಗೆ ಬೆವರು ಸುರಿಯುವ ದಿನವೂ ದಡದಲ್ಲಿ ತಂಪು ಗಾಳಿ ಇರುತ್ತದೆ. ಕಾಟನ್ ಫ್ರಾಕು, ಚಡ್ಡಿ ಒದ್ದೆಯಾದರೆ ಮೈಗೆ ಅಂಟಿ ಇನ್ನೂ ಚಳಿ ಹಿಡಿಸುತ್ತದೆ. ಬೇಗ ಒಣಗುವ ಈಜುಡುಗೆ, ಅದೂ ತೋಳು ಮುಚ್ಚುವಂಥದ್ದು ಒಳ್ಳೆಯದು. ಚಿಕ್ಕವನಿಗೆ 10-15 ನಿಮಿಷ ನೀರು, ಆಮೇಲೆ ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿ. ತುಟಿ ನೀಲಿಯಾಯಿತು, ಗದ್ದ ನಡುಗುತ್ತಿದೆ ಅಂದರೆ ಅವತ್ತಿಗೆ ಮುಗಿಯಿತು. ದೊಡ್ಡವಳು ‘ಇನ್ನೂ ಚಳಿ ಇಲ್ಲ’ ಅಂತ ಸುಳ್ಳು ಹೇಳುತ್ತಾಳೆ, ತುಟಿ ಸುಳ್ಳು ಹೇಳುವುದಿಲ್ಲ. ಫ್ಲಾಸ್ಕಿನಲ್ಲಿ ಬೆಚ್ಚಗಿನ ರಾಗಿ ಗಂಜಿ ಒಯ್ದರೆ ಅಜ್ಜಿಗೂ ಸಮಾಧಾನ, ಮಕ್ಕಳಿಗೂ ಹಿತ.

ಬಿಸಿಲಿನ ಬಗ್ಗೆ ಉದ್ದ ಭಾಷಣ ಬೇಡ. ನೀರಲ್ಲಿ ತಂಪಾಗಿರುವುದರಿಂದ ಸುಡುವುದು ಗೊತ್ತಾಗುವುದಿಲ್ಲ. ನಮ್ಮ ಮೈಬಣ್ಣಕ್ಕೆ ಸನ್‌ಸ್ಕ್ರೀನ್ ಬೇಡ ಅನ್ನುವುದು ತಪ್ಪು ತಿಳುವಳಿಕೆ. ಹೊರಡುವ ಮೊದಲೇ ಹಚ್ಚಿ, 2 ಗಂಟೆಗೊಮ್ಮೆ ಮತ್ತೆ ಹಚ್ಚಿ. ಬೆಳಗ್ಗೆ 9ರಿಂದ 11 ಒಳ್ಳೆಯ ಹೊತ್ತು, ಬಿಸಿಲೂ ಕಡಿಮೆ, ಜನವೂ ಕಡಿಮೆ. ನೀರು ಬೀಳದ ರಬ್ಬರ್ ನೆಲ ಮತ್ತು ಕಬ್ಬಿಣದ ಕಂಬ ಮಧ್ಯಾಹ್ನ ಕಾವಲಿಯಂತೆ ಕಾದಿರುತ್ತವೆ. ಮಗುವನ್ನು ಇಳಿಸುವ ಮುಂಚೆ ನಿಮ್ಮ ಅಂಗೈ ಹಿಂಭಾಗ 5 ಸೆಕೆಂಡ್ ಇಟ್ಟು ನೋಡಿ.

ಪ್ಯಾಡ್ ಮೇಲೆ ನಿಜವಾಗಿ ಆಗುವ ಗಾಯ ಜಾರಿ ಬೀಳುವುದು, ತಲೆಗೆ ತಲೆ ಡಿಕ್ಕಿ ಹೊಡೆಯುವುದು. ಹವಾಯಿ ಚಪ್ಪಲಿ ಬೇಡ. ಕಾಲಿಗೆ ಬಿಗಿಯಾಗಿ ಕೂರುವ ರಬ್ಬರ್ ಅಡಿಯ ಶೂ ಬೇಕು. ಹಲವು ಪ್ಯಾಡ್‌ಗಳಲ್ಲಿ ಒಂದು ಕಂಬ ಇರುತ್ತದೆ, ಅದರ ಮೇಲೆ ಕೈ ಇಟ್ಟರೆ ಮಾತ್ರ ನೀರು ಶುರು, ಕೆಲವು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಅಷ್ಟೂ ಜಗಳ ಅಲ್ಲೇ. ‘ನಾನು ಒತ್ತುತೀನಿ’ ಅಂತ ಹತ್ತು ಮಕ್ಕಳು ಒಂದೇ ಕಂಬಕ್ಕೆ ನುಗ್ಗುತ್ತಾರೆ. ಮಗಳಿಗೆ ಮನೆಯಲ್ಲೇ ಸರದಿ ಅಂದರೆ ಏನು ಅಂತ ಹೇಳಿಕೊಟ್ಟು ಹೊರಡಿ. ಗುಡುಗು ಕೇಳಿಸಿದರೆ ಒಳಗೆ ಹೋಗಿ, ಕೊನೆಯ ಗುಡುಗಿನಿಂದ 30 ನಿಮಿಷ ಹೊರಗೆ ಬರಬೇಡಿ. ಬಟ್ಟೆ ಬದಲಾಯಿಸುವಾಗ ಚಿಕ್ಕ ಮಕ್ಕಳಾದರೂ ಎಲ್ಲರ ಮುಂದೆ ಬಿಚ್ಚಿ ನಿಲ್ಲಿಸುವುದು ಇಲ್ಲಿ ರೂಢಿಯಿಲ್ಲ, ಟವೆಲ್ ಮರೆ ಮಾಡಿ. ಬೇರೆಯವರ ಮಕ್ಕಳು ಕಾಣುವಂತೆ ಫೋಟೊ ಬೇಡ.

ದಡಕ್ಕೆ ಹೋದಮೇಲೆ ‘ಸರೋವರಕ್ಕೂ ಕಾಲು ಇಳಿಬಿಡೋಣ’ ಅಂತ ಅನಿಸಿಯೇ ಅನಿಸುತ್ತದೆ. ಶುಗರ್ ಬೀಚಿನಲ್ಲಿ ಬೇಡ. ಜೀವರಕ್ಷಕರು ಇರುವ ಈಜುವ ಬೀಚ್‌ಗೆ ಬೇರೆ ದಿನ ಹೋಗಿ, ವುಡ್‌ಬೈನ್ ಅಂಥದ್ದು. ಬೇಸಿಗೆಯಲ್ಲಿ ಅಲ್ಲಿನ ನೀರನ್ನು ನಗರಸಭೆ ದಿನಾ ಪರೀಕ್ಷೆ ಮಾಡಿ ಈಜಬಹುದಾ ಇಲ್ಲವಾ ಅಂತ ತಿಳಿಸುತ್ತದೆ. ಜೋರು ಮಳೆಯಾದ ಮೇಲೆ ಒಂದೆರಡು ದಿನ ಇಳಿಯಬೇಡಿ, ಮಳೆ ನೀರಿನ ಜೊತೆ ಚರಂಡಿ ನೀರೂ ಸೇರಿರುತ್ತದೆ. ಈ ಸರೋವರದ ಇನ್ನೊಂದು ಗುಣ ಹೊಸಬರಿಗೆ ಗೊತ್ತಿರುವುದಿಲ್ಲ. ದಡದಿಂದ ಒಳಕ್ಕೆ ಗಾಳಿ ಜೋರಾಗಿ ಬೀಸಿದರೆ ಮೇಲಿನ ಬೆಚ್ಚಗಿನ ನೀರು ಸರಿದುಹೋಗಿ ಕೆಳಗಿನ ಕೊರೆಯುವ ನೀರು ಮೇಲೆ ಬರುತ್ತದೆ. ನಿನ್ನೆ ಹಾಯಾಗಿ ಇಳಿದ ಜಾಗದಲ್ಲಿ ಇವತ್ತು ಕಾಲಿಟ್ಟರೆ ಉಸಿರು ಸಿಕ್ಕಿಕೊಳ್ಳುತ್ತದೆ. ತೋಳಿಗೆ ಕಟ್ಟುವ ಗಾಳಿ ಬಲೂನುಗಳನ್ನು ನಂಬಬೇಡಿ, ಅವು ಆಟಿಕೆ.

ಈಗ ಯಾರು ಹೋಗಬೇಕು, ಯಾವಾಗ ಹೋಗಬೇಕು ಅನ್ನುವುದು. ಇಬ್ಬರು ಮಕ್ಕಳು, ಒಂದು ಸರೋವರ. ಓಡಿ ಹಿಡಿಯಬಲ್ಲ ದೊಡ್ಡವರು ನೀವೊಬ್ಬರೇ. ಮಗಳು ಪೂರ್ವಕ್ಕೆ, ಮಗ ಪಶ್ಚಿಮಕ್ಕೆ ಹೊರಟರೆ ನೀವು ಯಾರ ಹಿಂದೆ ಹೋಗುತ್ತೀರಿ? ಹಾಗಾಗಿ ಮೊದಲ ಸಲ ವಾರದ ದಿನ ಬೇಡ ಅಂತಲೇ ನನ್ನ ಅಭಿಪ್ರಾಯ. ಶನಿವಾರ ಬೆಳಗ್ಗೆ ಬೇಗ, ಯಜಮಾನರ ಜೊತೆ ಹೋಗಿ. ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬರು. ಶುಗರ್ ಬೀಚಿನಿಂದ ಪೂರ್ವಕ್ಕೆ ಸ್ವಲ್ಪ ನಡೆದರೆ ಶೆರ್ಬೋರ್ನ್ ಕಾಮನ್ ಅನ್ನುವ ಇನ್ನೊಂದು ಪಾರ್ಕ್ ಇದೆ. ಅಲ್ಲೂ ಸ್ಪ್ಲಾಶ್ ಪ್ಯಾಡ್ ಇದೆ, ಚಳಿಗಾಲದಲ್ಲಿ ಅದೇ ಜಾಗ ಸ್ಕೇಟಿಂಗ್ ರಿಂಕ್ ಆಗುತ್ತದೆ. ಅಲ್ಲಿ ದೊಡ್ಡ ಹುಲ್ಲುಹಾಸೂ ಇದೆ. ಚಿಕ್ಕವನ ಜೊತೆ ಮೊದಲ ಸಲ ಅಂದರೆ ನಾನಾಗಿದ್ದರೆ ಅಲ್ಲಿಗೇ ಹೋಗುತ್ತಿದ್ದೆ. ಅಂದಹಾಗೆ, ಆ ಪಾರ್ಕಿನ ಕಟ್ಟಡದ ಕೆಳಗೆ ಬಡಾವಣೆಯ ಮಳೆ ನೀರನ್ನು ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ಶುದ್ಧ ಮಾಡುವ ಘಟಕ ಇದೆ. ಆ ನೀರು ಎತ್ತರದ ಕಲಾಕೃತಿಗಳಿಂದ ಬಿದ್ದು, ಉದ್ದದ ಕಾಲುವೆಯಲ್ಲಿ ಸರೋವರಕ್ಕೆ ಹರಿಯುತ್ತದೆ. ಅದು ನೋಡಲು ಇರುವ ನೀರು. ಮಕ್ಕಳು ಅದನ್ನು ಸ್ಪ್ಲಾಶ್ ಪ್ಯಾಡ್‌ನ ತಮ್ಮ ಅಂದುಕೊಂಡು ಇಳಿಯಲು ನೋಡುತ್ತಾರೆ, ಬಿಡಬೇಡಿ.

ಕೊನೆಗೆ ಸೀರೆ. ಅಲ್ಲಿ ಯಾರೂ ತಿರುಗಿಯೂ ನೋಡುವುದಿಲ್ಲ, ಖಂಡಿತ ಸೀರೆಯಲ್ಲೇ ಬರಲಿ. ಆದರೆ ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಒದ್ದೆ ಗ್ರಾನೈಟ್ ಮೇಲೆ ಜಾರಿದರೆ ಈ ವಯಸ್ಸಿನಲ್ಲಿ ಸೊಂಟದ ಮೂಳೆಗೆ ಪೆಟ್ಟು. ಅವರನ್ನು ಪ್ಯಾಡ್ ಮೇಲೆ ಕರೆಯಬೇಡಿ, ಸರೋವರದ ಕಡೆಯ ಕಾವಲಿಗೂ ನಿಲ್ಲಿಸಬೇಡಿ. ಗುಲಾಬಿ ಕೊಡೆ ಕೆಳಗೆ ಕುರ್ಚಿ ಹಾಕಿ ಕೂರಿಸಿ, ಟವೆಲ್, ಫ್ಲಾಸ್ಕು, ಸೋಪು, ಬಾಟಲಿ ಎಲ್ಲ ಅವರ ವಶಕ್ಕೆ ಕೊಡಿ. ಚಳಿಯಾಗಿ ಬಂದ ಮಗುವನ್ನು ಬಾಚಿ ತಬ್ಬಿಕೊಳ್ಳಲು ಒಣಗಿದ ಮಡಿಲು ಒಂದಾದರೂ ಬೇಕಲ್ಲ. ಕೆಂಪು ದಾರ ಮಾವನವರಿಗೆ. ಚಿತ್ರಾನ್ನದ ಡಬ್ಬಿಯ ಮುಚ್ಚಳವನ್ನು ಮಾತ್ರ ಮನೆಯಲ್ಲೇ ಒಂದು ಸಲ ಸಡಿಲ ಮಾಡಿಕೊಂಡು ಹೊರಡಿ.